ಚಾವಣಿಯಿಲ್ಲದ ಕಾರು, ಬಾಗಿಲೊಳಗಿನ ಹಾಡು

1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಜಪಾನಿನ ಮಾಜ್ದಾ ಕಂಪನಿ ಒಂದು ಪುಟ್ಟ ಕಾರನ್ನು ಜಗತ್ತಿಗೆ ತೋರಿಸಿತು. ಎರಡೇ ಸೀಟು, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಕೈಯಿಂದಲೇ ಹಿಂದಕ್ಕೆ ಮಡಚಿಡಬಹುದಾದ ಚಾವಣಿ. ಅಮೆರಿಕದಲ್ಲಿ ಅದರ ಹೆಸರು ಮಿಯಾಟಾ, ಯುರೋಪಿನಲ್ಲಿ ಎಂಎಕ್ಸ್-5. ಬ್ರಿಟನ್ನಿನ ಎಂಜಿಬಿ 1980ರಲ್ಲೇ ನಿಂತುಹೋಗಿತ್ತು. ಅಗ್ಗದ ತೆರೆದ ಸ್ಪೋರ್ಟ್ಸ್ ಕಾರಿನ ಕಾಲ ಮುಗಿಯಿತೆಂದು ಹಲವರು ನಂಬಿದ್ದರು. ಆದರೆ 2016ರ ಏಪ್ರಿಲ್ ಹೊತ್ತಿಗೆ ಎಂಎಕ್ಸ್-5ರ ಹತ್ತು ಲಕ್ಷದ ಕಾರು ತಯಾರಾಯಿತು.

ಮುಖ್ಯ ಎಂಜಿನಿಯರ್ ತೊಷಿಹಿಕೊ ಹಿರಾಯಿ ಅವರ ತಂಡಕ್ಕೆ ದಾರಿ ತೋರಿದ್ದು 'ಜಿಂಬಾ ಇತ್ತಾಯಿ', ಅಂದರೆ ಕುದುರೆ ಮತ್ತು ಸವಾರ ಒಂದಾಗುವುದು ಎಂಬ ಮಾತು. ಸೈಲೆನ್ಸರಿನ ಸದ್ದನ್ನೂ ಅವರು ಕಿವಿಗೆ ಹಿತವಾಗುವಂತೆ ಹದಗೊಳಿಸಿದರು. ಚಾಲಕ ಕಾರಿನ ದನಿಯನ್ನೇ ಕೇಳಬೇಕೆಂದು ಕಟ್ಟಿದ ಕಾರು ಇದು. ಕೊಂಡವರಿಗೆ ಹಾಡೂ ಬೇಕಿತ್ತು. ಇಂಥ ಕಾರುಗಳಲ್ಲಿ ಹಲವರು ಮೊದಲು ಬದಲಿಸಲು ಹೊರಡುವುದು ಬಾಗಿಲಿನ ಸ್ಪೀಕರನ್ನೇ. ಆ ಅತೃಪ್ತಿಗೆ ಬಹಳ ಹಿಂದಿನ ಬೇರುಗಳಿವೆ.

1930ರಲ್ಲಿ ಪಾಲ್ ಗಾಲ್ವಿನ್ ತನ್ನ ಸ್ಟೂಡಿಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಮಳಿಗೆ ಹಾಕಲು ಹಣವಿರಲಿಲ್ಲ. ಸಭಾಂಗಣದ ಹೊರಗೆ ಕಾರು ನಿಲ್ಲಿಸಿ ರೇಡಿಯೋ ಹಚ್ಚಿದ. ಮೋಟರಿಗೆ 'ಓಲಾ' ಸೇರಿ ಮೋಟರೋಲಾ ಎಂಬ ಹೆಸರು ಹುಟ್ಟಿದ್ದು ಆಗ. ಅಂದಿನ ದೊಡ್ಡ ಶತ್ರು ಸ್ಪಾರ್ಕ್ ಪ್ಲಗ್: ಅದರ ಪ್ರತಿ ಕಿಡಿಯೂ ರೇಡಿಯೋದಲ್ಲಿ ಚಟಚಟ ಎನ್ನುತ್ತಿತ್ತು. ಕಾರಿನ ಸಂಗೀತ ಹುಟ್ಟಿನಿಂದಲೇ ಗದ್ದಲದೊಡನೆ ಸೆಣಸಬೇಕಾಯಿತು.

ಮುಂದೆ ಬಹುಕಾಲ ಡ್ಯಾಶ್‌ಬೋರ್ಡಿನ ನಡುವೆ ಒಂದೇ ಸ್ಪೀಕರ್ ಸಾಕಾಗಿತ್ತು. ಸ್ಟೀರಿಯೋ ಬಂದು ಲೆಕ್ಕ ಬದಲಾಯಿತು. 1965ರಲ್ಲಿ ಫೋರ್ಡ್ ತನ್ನ ಮುಂದಿನ ವರ್ಷದ ಮಾದರಿಗಳಿಗೆ ಎಂಟು-ಟ್ರ್ಯಾಕ್ ಟೇಪ್ ಕೊಟ್ಟಿತು. ಅದನ್ನು ರೂಪಿಸಿದ ವಿಲಿಯಂ ಲಿಯರ್, ಗಾಲ್ವಿನ್ನನ ಮೊದಲ ಕಾರ್ ರೇಡಿಯೋಗೂ ದುಡಿದವನು. ಎಡ-ಬಲ ಬೇರೆಯಾಗಿ ಕೇಳಿಸಬೇಕಾದರೆ ಸ್ಪೀಕರುಗಳ ನಡುವೆ ಅಂತರ ಬೇಕು. ಆ ಜಾಗ ಸಿಕ್ಕಿದ್ದು ಬಾಗಿಲುಗಳಲ್ಲಿ.

ಬಾಗಿಲು ಒಳ್ಳೆಯ ಸ್ಪೀಕರ್ ಪೆಟ್ಟಿಗೆಯಲ್ಲ. ಕೋನು ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಎರಡೂ ಎದುರುಬದುರಾದರೆ ಮಂದ್ರಸ್ವರ ಸತ್ತುಹೋಗುತ್ತದೆ. ಬಾಗಿಲಿನ ಒಳತಗಡಿನ ತುಂಬ ತೂತುಗಳು. ಹೊರತಗಡು ತೆಳು, ಅದುರುತ್ತದೆ. ಗಾಜು ಇಳಿಯಲು ಜಾಗ ಬೇಕಾದ್ದರಿಂದ ದಪ್ಪ ಸ್ಪೀಕರ್ ಹಿಡಿಸದು. ಗಾಜಿನ ಸಂದಿಯಿಂದ ಮಳೆನೀರೂ ಇಳಿಯುತ್ತದೆ. ಸ್ಪೀಕರ್ ಇರುವುದು ಕಾಲಿನ ಮಟ್ಟದಲ್ಲಿ, ಮೊಣಕಾಲು ಅಡ್ಡ. ತಾರಸ್ವರ ನೇರವಾಗಿ ಸಾಗುವಂಥದ್ದು, ಅಲ್ಲೇ ತಡೆಯುತ್ತದೆ. ಮಾತು ತಿಳಿಯಲು ಬೇಕಾದ ಸ, ಶ, ತ, ಕಗಳ ಸದ್ದು ಅದರಲ್ಲೇ ಇರುವುದರಿಂದ, ರಾಗ ಕೇಳಿಸಿದರೂ ಸಾಹಿತ್ಯ ಕೇಳಿಸದು.

ಈ ಕೊರತೆಗಳಿಗೆ ಮುಚ್ಚಿದ ಕಾರಿನಲ್ಲಿ ಪರಿಹಾರ ಸಿಕ್ಕಿತು. ಅಮರ್ ಬೋಸ್ ಎಂಐಟಿಯಲ್ಲಿ ಪ್ರಾಧ್ಯಾಪಕನಾಗಿದ್ದ. ತಂದೆ ಕೋಲ್ಕತ್ತದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರ. ಬೋಸ್ ಕಂಪನಿ ಜನರಲ್ ಮೋಟರ್ಸ್ ಜತೆಗೂಡಿ, ಆಯಾ ಕಾರಿನ ಒಳಾಂಗಣಕ್ಕೇ ಹೊಂದಿಸಿದ ವ್ಯವಸ್ಥೆಯನ್ನು 1983ರ ಕ್ಯಾಡಿಲಾಕ್ ಸೆವಿಲ್ ಮುಂತಾದ ಮಾದರಿಗಳಿಗೆ ತಂದಿತು. ಒಳಾಂಗಣವೂ ವಾದ್ಯದ ಭಾಗವಾಯಿತು. ಪುಟ್ಟ ಮುಚ್ಚಿದ ಜಾಗ ಮಂದ್ರಸ್ವರವನ್ನು ತಾನೇ ಎತ್ತಿಕೊಡುತ್ತದೆ.

ಚಾವಣಿ ತೆಗೆದರೆ ಆ ನೆರವು ಹೋಗುತ್ತದೆ. ಮೇಲಿಂದ ಗಾಳಿಯ ಮೊರೆತ ಬೇರೆ. ಸಾಮಾನ್ಯ ಉತ್ತರವೆಂದರೆ ಹೆಚ್ಚು ವ್ಯಾಟಿನ ಆಂಪ್ಲಿಫೈಯರ್. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬಲ್ ಅಷ್ಟೆ. ಸದ್ದು ಎರಡು ಪಟ್ಟು ಎನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಕಿವಿಯ ಲೆಕ್ಕ ಇನ್ನೂ ಕಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧವಾಗಿ, 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಗಾಳಿಯನ್ನು ಸೋಲಿಸಲು ಹೊರಟವರು ಕಿವಿಯನ್ನೇ ಪಣಕ್ಕಿಡುತ್ತಾರೆ.

ಬೀಸುಗಾಳಿಯಲ್ಲಿ ನಿಂತವರು ಕೂಗುವುದಿಲ್ಲ, ಕಿವಿಯ ಹತ್ತಿರ ಬಂದು ಹೇಳುತ್ತಾರೆ. ತೆರೆದ ಬಯಲಿನಲ್ಲಿ ದೂರ ಅರ್ಧವಾದರೆ 6 ಡೆಸಿಬಲ್ ಲಾಭ, ಅಂದರೆ ನಾಲ್ಕು ಪಟ್ಟು ವ್ಯಾಟಿಗೆ ಸಮ. ಮೊದಲ ಮಿಯಾಟಾದಲ್ಲೇ ಮಾಜ್ದಾ ಸೀಟಿನ ತಲೆದಿಂಬಿನೊಳಗೂ ಪುಟ್ಟ ಸ್ಪೀಕರುಗಳಿಗೆ ಜಾಗ ಮಾಡಿತ್ತು, ಎಲ್ಲ ಮಾದರಿಗಳಲ್ಲಿ ಅಲ್ಲದಿದ್ದರೂ. 2015ರಲ್ಲಿ ಬಂದ ನಾಲ್ಕನೇ ತಲೆಮಾರಿನ ಬೋಸ್ ವ್ಯವಸ್ಥೆಯಲ್ಲೂ ಅವು ಉಳಿದಿವೆ.

ಹಾಗೆಂದು ಬಾಗಿಲಿನ ಕೆಲಸ ವ್ಯರ್ಥವಲ್ಲ. ತಗಡಿಗೆ ಬ್ಯುಟೈಲ್ ಹಾಳೆ ಅಂಟಿಸಿ, ತೂತುಗಳನ್ನು ಮುಚ್ಚಿ, ನೀರು ಹೊರಹೋಗುವ ಕಿಂಡಿಗಳನ್ನು ಮಾತ್ರ ಬಿಟ್ಟು, ಗಟ್ಟಿ ಉಂಗುರದ ಮೇಲೆ ನೀರು ತಾಳುವ ಕೋನಿನ ಸ್ಪೀಕರ್ ಕೂರಿಸಿದರೆ ಮಂದ್ರಸ್ವರ ಮರಳುತ್ತದೆ. ಟ್ವೀಟರನ್ನು ಕನ್ನಡಿಯ ಬುಡಕ್ಕೆ ಏರಿಸಿದರೆ ಸಾಹಿತ್ಯವೂ ತಿಳಿಯುತ್ತದೆ. ಚಾವಣಿ ಮುಚ್ಚಿದ್ದಾಗ, ಊರೊಳಗಿನ ನಿಧಾನ ಓಟದಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಹೆದ್ದಾರಿಯಲ್ಲಿ ಚಾವಣಿ ತೆರೆದಾಗ ಮಾತ್ರ ವಾಲ್ಯೂಮ್ ಇಳಿಸುವುದು ಲೇಸು. ಆ ವೇಗದಲ್ಲಿ ಕೇಳಲೆಂದೇ ಹಿರಾಯಿಯವರ ತಂಡ ಎಂಜಿನ್ನಿನ ದನಿಯನ್ನು ಹದಗೊಳಿಸಿತ್ತು.