ಬೆಳಕು ಕೂಡಿಟ್ಟ ಹವ್ಯಾಸಿಗಳು

ಫೋನಿನ ನೈಟ್ ಮೋಡ್ ‘ಅಲ್ಲಾಡಿಸಬೇಡಿ’ ಅನ್ನುತ್ತಲ್ಲ, ಆ ಉಪಾಯ ತುಂಬ ಹಳೇದು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಬಳಿ ವೈದ್ಯ ಹೆನ್ರಿ ಡ್ರೇಪರ್ ಸುಮಾರು 50 ನಿಮಿಷ ಎಕ್ಸ್‌ಪೋಶರ್ ಕೊಟ್ಟು ಓರಿಯನ್ ನೀಹಾರಿಕೆಯ ಮೊದಲ ಫೋಟೊ ತೆಗೆದರು. 1883ರಲ್ಲಿ ಲಂಡನ್ ಹತ್ತಿರದ ಈಲಿಂಗ್‌ನಲ್ಲಿ ಎಂಜಿನಿಯರ್ ಆಂಡ್ರ್ಯೂ ಕಾಮನ್ ತಮ್ಮ ಮನೆಯ ತೋಟದಿಂದಲೇ ತೆಗೆದ ಚಿತ್ರದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು. ಕಣ್ಣು ಬೆಳಕನ್ನು ಕೂಡಿಡಲ್ಲ, ಪ್ಲೇಟ್ ಕೂಡಿಡುತ್ತೆ. ಗುಟ್ಟು ಅಷ್ಟೇ.

ಆ ಗುಟ್ಟು ಇವತ್ತಿಗೂ ಕೆಲಸಕ್ಕೆ ಬರುತ್ತೆ. ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೊಗಳಿಗೆ ಲೆಕ್ಕವೇ ಇಲ್ಲ. ಆದರೂ ಅದರ ಪಕ್ಕದಲ್ಲೇ ಕಾಣುವ ಮಸುಕಾದ ಆಕ್ಸಿಜನ್ ಮೋಡ 2022ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಫ್ರಾನ್ಸ್, ಜರ್ಮನಿಯ ಮೂವರು ಹವ್ಯಾಸಿಗಳು ಅದನ್ನು ಹಿಡಿದರು. ಅಂಗೈಯಗಲದ ಲೆನ್ಸ್, ಆಕ್ಸಿಜನ್ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್, 100 ಗಂಟೆಗೂ ಹೆಚ್ಚು ಎಕ್ಸ್‌ಪೋಶರ್. ದೊಡ್ಡ ಟೆಲಿಸ್ಕೋಪ್‌ಗಳಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಹವ್ಯಾಸಿಯ ಹತ್ತಿರ ಅದೊಂದು ಇದೆ.