ನೆಲದ ಸೈನಿಕನ ವಿಮಾನದ ಹುಚ್ಚು

ಬಾಗಲಕೋಟೆ ಜಿಲ್ಲೆಯ ಗುಡೂರಿನಿಂದ ವಿಮಾನ ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಿ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ಮಂಗಳೂರಿಗೆ, ಗೋವಾಕ್ಕೆ ಕೂಲಿ ಅರಸಿ ಹೋಗುವವರು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತೇ ಸಾಗುತ್ತಾರೆ. ಇಂಥವರೂ ವಿಮಾನದಲ್ಲಿ ಹೋಗಬಹುದು ಎಂದು 2003ರಲ್ಲಿ ಒಬ್ಬರು ಹೇಳಿದಾಗ ನಮ್ಮಲ್ಲಿ ಹೆಚ್ಚಿನವರು ನಕ್ಕುಬಿಟ್ಟೆವು.

ಹೇಳಿದವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 'ಕ್ಯಾಪ್ಟನ್' ಎಂದೊಡನೆ ಪೈಲಟ್ ಎಂದು ತಿಳಿದವರೇ ಬಹಳ. ಆದರೆ ಅದು ಭೂಸೇನೆಯ ಹುದ್ದೆ. ಹಾಸನ ಜಿಲ್ಲೆಯ ಗೊರೂರಿನ ಶಾಲಾ ಮೇಷ್ಟ್ರ ಮಗ ಗೋಪಿನಾಥ್ ಹುಟ್ಟಿದ್ದು 1951ರಲ್ಲಿ. ಸೈನಿಕನಾಗುವ ಮೊದಲ ಪಾಠ ಕಲಿತದ್ದು ಮಾತ್ರ ಬಿಜಾಪುರದ ಸೈನಿಕ ಶಾಲೆಯಲ್ಲಿ. 1963ರಲ್ಲಿ ಆ ಶಾಲೆ ಆರಂಭವಾದಾಗ ಗುಡೂರೂ ಬಿಜಾಪುರ ಜಿಲ್ಲೆಯದೇ ಹಳ್ಳಿ. 1971ರ ಬಾಂಗ್ಲಾ ಯುದ್ಧದಲ್ಲಿ ಪಾಲ್ಗೊಂಡ ಅವರು ಎಂಟು ವರ್ಷಗಳ ಸೇವೆಯ ನಂತರ ಸೇನೆ ಬಿಟ್ಟು ಊರಿಗೆ ಮರಳಿದರು. ಹೇಮಾವತಿ ಅಣೆಕಟ್ಟಿನಲ್ಲಿ ಕುಟುಂಬದ ಜಮೀನು ಮುಳುಗಿತ್ತು. ಬದಲಿಗೆ ಸಿಕ್ಕಿದ ಬರಡು ನೆಲದಲ್ಲಿ ಅವರು ಬೇಸಾಯಕ್ಕಿಳಿದು, ರೇಷ್ಮೆ ಬೆಳೆದರು. ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು.

ವಿಮಾನದ ಹುಚ್ಚು ಹಿಡಿದದ್ದು ಇಷ್ಟೆಲ್ಲ ಆದ ಮೇಲೆ. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮುವೆಲ್ ಜೊತೆಗೂಡಿ 1997ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಡೆಕ್ಕನ್ ಏವಿಯೇಷನ್ ಎಂಬ ಬಾಡಿಗೆ ಹೆಲಿಕಾಪ್ಟರ್ ಸಂಸ್ಥೆ ನಡೆಸತೊಡಗಿದರು. (ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ.) ಹೆಲಿಕಾಪ್ಟರಿನಲ್ಲಿ ಕುಳಿತು ಕೆಳಗೆ ನೋಡುವಾಗ ಹಳ್ಳಿ ಮನೆಗಳ ಮೇಲೂ ಟಿ.ವಿ. ಆಂಟೆನಾ ಕಂಡವಂತೆ. ಟಿ.ವಿ. ಕೊಂಡವರು ನಾಳೆ ಟಿಕೆಟನ್ನೂ ಕೊಳ್ಳಬಲ್ಲರು ಎಂಬುದು ಅವರ ಲೆಕ್ಕ.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿತು. ಅದರ ಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ಮುಂದಿನ ತಿಂಗಳೇ ಹೈದರಾಬಾದಿನಲ್ಲಿ ಗಣ್ಯರು ಕುಳಿತಿದ್ದ ಉದ್ಘಾಟನಾ ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿತು. ಬೇರೆಯವರಾಗಿದ್ದರೆ ಅಲ್ಲಿಗೇ ಬಾಗಿಲು ಮುಚ್ಚುತ್ತಿದ್ದರು. ಇವರು ಮುಚ್ಚಲಿಲ್ಲ. ಊಟ ಇಲ್ಲ, ಮೇಲ್ದರ್ಜೆ ಇಲ್ಲ, ಸೀಟಿಗೆ ನಂಬರೂ ಇಲ್ಲ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೆ ಈ ಪದ್ಧತಿ ಹೊಸದೇನೂ ಅಲ್ಲ! ಟಿಕೆಟ್ ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತಿತ್ತು. ಮುಂಚಿತವಾಗಿ ಕಾದಿರಿಸಿದ ಕೆಲವರಿಗೆ ಒಂದು ರೂಪಾಯಿಗೂ ಸಿಕ್ಕಿತು. ಸಂಸ್ಥೆಯ ಗುರುತಾಗಿ ಆರಿಸಿಕೊಂಡದ್ದು ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದ 'ಕಾಮನ್ ಮ್ಯಾನ್' ಚಿತ್ರವನ್ನು. ನಾಲ್ಕು ವರ್ಷಗಳೊಳಗೆ ಈ ವಿಮಾನಗಳು ಅರವತ್ತಕ್ಕೂ ಹೆಚ್ಚು ಊರುಗಳನ್ನು ಮುಟ್ಟಿದವು.

ಆ ಸಾಮಾನ್ಯ ಮನುಷ್ಯ ನಿಜಕ್ಕೂ ಹತ್ತಿದನೇ? ಗುಮಾಸ್ತರು, ಸಣ್ಣ ವ್ಯಾಪಾರಿಗಳು, ಮಕ್ಕಳನ್ನು ಬೆಂಗಳೂರಿನಲ್ಲಿ ಓದಿಸುವ ತಂದೆತಾಯಿಯರು ಹತ್ತಿದರು. ಅದು ಸಣ್ಣ ಬದಲಾವಣೆಯಲ್ಲ. ಕಲ್ಲು ಹೊರುವವನ ಸರದಿ ಮಾತ್ರ ಬರಲಿಲ್ಲ. ನಾಳಿನ ಕೂಲಿಯೇ ಗೊತ್ತಿಲ್ಲದವನು ತಿಂಗಳುಗಳ ಮೊದಲೇ ಟಿಕೆಟ್ ಕಾದಿರಿಸುವುದೆಂತು? ಅತ್ತ ಇಂಧನದ ಬೆಲೆ ಏರಿತು, ಪೈಪೋಟಿ ಹೆಚ್ಚಿತು, ನಷ್ಟ ಬೆಳೆಯಿತು. 2007ರಲ್ಲಿ ವಿಜಯ್ ಮಲ್ಯರ ಸಮೂಹ ಪಾಲು ಕೊಂಡಿತು, 2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಶರ್‌ನಲ್ಲಿ ಕರಗಿತು. 2012ರಲ್ಲಿ ಕಿಂಗ್‌ಫಿಶರೂ ನೆಲಕಚ್ಚಿತು. ಅಗ್ಗದ ಟಿಕೆಟಿನ ಸಂಸ್ಥೆಯನ್ನು ವೈಭವದ ಸಂಸ್ಥೆಗೆ ಒಪ್ಪಿಸಿದ್ದು ಗೋಪಿನಾಥರ ದೊಡ್ಡ ತಪ್ಪೆಂದೇ ನಮ್ಮ ಭಾವನೆ.

ಹುಚ್ಚು ಮಾತ್ರ ಬಿಡಲಿಲ್ಲ. ನಡುವೆ ಸರಕು ವಿಮಾನಗಳನ್ನು ಹಾರಿಸಿ ಕೈಸುಟ್ಟುಕೊಂಡರು. ಅರವತ್ತಾರರ ವಯಸ್ಸಿನಲ್ಲಿ, 2017ರ ಡಿಸೆಂಬರ್‌ನಲ್ಲಿ, 'ಉಡಾನ್' ಯೋಜನೆಯಡಿ ಮಹಾರಾಷ್ಟ್ರದ ಜಳಗಾಂವ್, ನಾಸಿಕ್ ಕಡೆಗೆ ಹತ್ತೊಂಬತ್ತು ಸೀಟುಗಳ ಪುಟ್ಟ ವಿಮಾನದೊಡನೆ ಏರ್ ಡೆಕ್ಕನ್ ಹೆಸರನ್ನು ಮತ್ತೆ ಎಬ್ಬಿಸಿದರು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಅದೂ ನಿಂತಿತು. ಅವರ ಬದುಕಿನಿಂದ ಪ್ರೇರಣೆ ಪಡೆದ ತಮಿಳು ಚಿತ್ರ 'ಸೂರರೈ ಪೊಟ್ರು' ಬಂದದ್ದೂ ಅದೇ ವರ್ಷ. ಚಿತ್ರದಲ್ಲಿ ನಾಯಕ ವಾಯುಪಡೆಯವನು.