ಕಣಜ ಕರಗಿದ ಮೇಲೆ: ಪಶ್ಚಿಮ ಬೆಂಗಳೂರಿನ ಮನೆಗಳು ಹಗುರಾದ ಚರಿತ್ರೆ

ಕನ್ನಡದಲ್ಲಿ ‘ಮನೆ ಖಾಲಿ ಮಾಡುವುದು’ ಎಂದರೆ ಬಾಡಿಗೆ ಮನೆ ಬಿಟ್ಟು ಹೋಗುವುದು. ಅದೇ ಮನೆಯಲ್ಲಿ ಇದ್ದುಕೊಂಡು, ಬೇಡದ ಸಾಮಾನು ಹೊರಗೆ ಹಾಕಿ ಜಾಗ ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ನೆಲೆನಿಂತ ಮಾತಿಲ್ಲ. ಯುಗಾದಿಗೂ ಮಹಾನವಮಿಗೂ ಧೂಳು ಹೊಡೆದು, ಅಟ್ಟದ ಪಾತ್ರೆ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಮತ್ತೆ ಅಟ್ಟಕ್ಕೇ ಏರಿಸುತ್ತಿದ್ದರು. ಕೊಳೆ ಹೋಗುತ್ತಿತ್ತು, ಪಾತ್ರೆ ಉಳಿಯುತ್ತಿತ್ತು. ಜಪಾನಿನ ಮಾರಿ ಕೊಂಡೋ 2011ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ ಮನೆ ಹಗುರ ಮಾಡಿಕೊಳ್ಳುವುದನ್ನು ಮನಸ್ಸಿನ ಶಿಸ್ತೆಂದು ವಿವರಿಸುವುದು ರೂಢಿಯಾಗಿದೆ. ಮಾಗಡಿ ರಸ್ತೆಯ ಸುಂಕದಕಟ್ಟೆಯಂಥ ಕಡೆ ಆ ವಿವರಣೆ ಸಾಲದು. ಇಲ್ಲಿನ ಮನೆಗಳು ಹಗುರಾದದ್ದಕ್ಕೆ ಮುಖ್ಯ ಕಾರಣ ಎರಡು: ಕೂಡಿಡುವ ಹೊಣೆ ಮನೆಯಿಂದ ಅಂಗಡಿಗೂ ಪಡಿತರಕ್ಕೂ ಜಾರಿತು, ವಾಸ ಬಾಡಿಗೆಯದ್ದಾಯಿತು. ಅಭಿರುಚಿ ಬದಲಾದದ್ದು ಆಮೇಲಿನ ಮಾತು.

ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆ ಮೊದಲು ಉಗ್ರಾಣ, ಆಮೇಲೆ ವಾಸದ ಜಾಗ. ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವ ಧಾನ್ಯವಾದ್ದರಿಂದ ನೆಲದೊಳಗೆ ಹಗೇವು, ನೆಲದ ಮೇಲೆ ಕಣಜ, ಗೋಡೆಯ ಪಕ್ಕ ವಾಡೆ, ತಲೆಯ ಮೇಲೆ ಅಟ್ಟ, ಬೆಕ್ಕಿಗೆ ಎಟುಕದಂತೆ ನೆಲುವು, ಹೀಗೆ ಮನೆಯ ಒಂದೊಂದು ಮೂಲೆಯೂ ಸಂಗ್ರಹಕ್ಕೆ ಮೀಸಲಾಗಿತ್ತು. ಇದನ್ನು ಅತಿಯಾಸೆ ಎಂದು ಓದುವವರು 1876–78ರ ಬರಗಾಲವನ್ನು ನೆನೆಯಬೇಕು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಸಂಖ್ಯೆ ಎಂಟು ಲಕ್ಷ ಕುಗ್ಗಿತು. ಅದನ್ನು ಕಂಡ ತಲೆಮಾರಿಗೆ, ಅವರ ಮಕ್ಕಳಿಗೆ, ಹಗೇವು ತುಂಬಿರುವುದು ಜೀವ ಉಳಿಯುವ ಲೆಕ್ಕವಾಗಿತ್ತು. ಒಡೆದ ಮಡಕೆಯನ್ನೂ ಹರಿದ ಗೋಣಿಯನ್ನೂ ಇಟ್ಟುಕೊಂಡ ಸ್ವಭಾವಕ್ಕೆ ಬೇರು ಅಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಜೈನರ ಅಪರಿಗ್ರಹವೂ ಶರಣರ ದಾಸೋಹವೂ ಬೆಳೆದ ನಾಡಿನಲ್ಲಿ ಕಡಿಮೆ ಇಟ್ಟುಕೊಳ್ಳುವ ವಿಚಾರ ಹೊಸದೇನೂ ಅಲ್ಲವಲ್ಲ? ನಿಜ. ಆದರೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೇ ಗಮನಿಸಿ. ಗಂಡ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಆಕೆ ಹೇಳುತ್ತಾಳೆ. ಆಕೆಯ ಎಚ್ಚರವಿರುವುದು ಹೊಸ್ತಿಲಲ್ಲಿ: ಹೆಚ್ಚಿನದು ಒಳಗೆ ಬರಬಾರದು. ಒಳಗೆ ಬಂದು ವರ್ಷಗಳಾದ ವಸ್ತುವನ್ನು ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಆ ಎರಡನೆಯ ಪ್ರಶ್ನೆಯನ್ನು ನಮ್ಮಲ್ಲಿ ಕೈಗೆತ್ತಿಕೊಂಡದ್ದು ಧರ್ಮಶಾಸ್ತ್ರದ ದಾಯಭಾಗ, ಅಂದರೆ ಆಸ್ತಿ ಪಾಲಿನ ವಿಚಾರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ, ಮನೆ ಪಾಲಾಗುವಾಗ ಉಟ್ಟ ಬಟ್ಟೆ, ತೊಟ್ಟ ಒಡವೆ, ಬೇಯಿಸಿದ ಅನ್ನ, ಬಾವಿಯ ನೀರು ಮುಂತಾದವುಗಳ ಪಾಲು ಹೇಗೆಂದು ಚರ್ಚಿಸುತ್ತದೆ. ಅಂದರೆ ತುಂಬಿದ ಮನೆ ಚಿಕ್ಕದಾಗುತ್ತಿದ್ದದ್ದು ಹಿಸ್ಸೆಯಲ್ಲಿ. ಒಂದು ಹಂಡೆ ಅಣ್ಣನಿಗೆ, ಒಂದು ಕೊಪ್ಪರಿಗೆ ತಮ್ಮನಿಗೆ; ವಸ್ತು ಮನೆತನದಿಂದ ಆಚೆ ಹೋಗುತ್ತಿರಲಿಲ್ಲ.

ಮನೆಯನ್ನು ಹೊರಗಿನವರು ಬಂದು ಬರಿದು ಮಾಡಿದ ಸಂದರ್ಭವೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಸೋಂಕಿನ ಮನೆಯವರನ್ನು ಊರ ಹೊರಗಿನ ಗುಡಿಸಲಿಗೆ ಕಳಿಸುವುದು, ಔಷಧಿ ಹೊಡೆಯುವುದು, ಹೆಂಚು ತೆಗೆದು ಕತ್ತಲ ಕೋಣೆಗೆ ಬಿಸಿಲು ಬೀಳಿಸುವುದು, ಬಟ್ಟೆ ಹಾಸಿಗೆ ಸುಡುವುದು ಆ ಕಾಲದ ಪ್ಲೇಗ್ ಕ್ರಮಗಳು. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಸಾವು ಎಂಬ ಭಯ ಕಣಜವನ್ನೇ ಅನುಮಾನದಿಂದ ನೋಡುವಂತೆ ಮಾಡಿತು. ಆಮೇಲೆ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಗಾಳಿ ಬೆಳಕಿಗೆ ಸಿಕ್ಕ ಮಹತ್ವ ಈ ದುಃಖದ ಪಾಠ. ಆದರೂ ಆ ಮನೆಗಳಲ್ಲಿ ಅಟ್ಟವೂ ಸೌದೆ ಕೊಟ್ಟಿಗೆಯೂ ಉಳಿದವು. ಪ್ಲೇಗ್‌ಗೂ ಮುರಿಯಲಾಗದ ಸಂಗ್ರಹದ ಅಭ್ಯಾಸವನ್ನು ಮುರಿಯತೊಡಗಿದ್ದು ಸೈಟಿನ ಅಳತೆ, ಅದರ ಮೇಲೆ ಎದ್ದ ಬಾಡಿಗೆಯ ವಾಸ.

1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1949ರಲ್ಲಿ ಅಡಿಗಲ್ಲು ಕಂಡ ರಾಜಾಜಿನಗರ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಇವುಗಳೊಂದಿಗೆ 30×40, 20×30 ಎಂಬ ಅಡಿಯ ಲೆಕ್ಕ ನಗರದ ಪಶ್ಚಿಮದ ಮನೆಮಾತಾಯಿತು. ಹೆಸರೇ ಹೇಳುವಂತೆ ಸುಂಕದಕಟ್ಟೆ ಸರಕು ನಿಂತು ಸುಂಕ ಒಪ್ಪಿಸಿ ಮುಂದೆ ಸಾಗುತ್ತಿದ್ದ ಜಾಗ. 1970ರ ದಶಕದಿಂದ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದಂತೆ ಈ ಸುತ್ತಿನ ಹೊಲಗಳು ಸೈಟುಗಳಾದವು. 1,200 ಚದರಡಿಯ ಒಂದೊಂದು ಸೈಟಿನ ಮೇಲೆ ಮಾಲೀಕರ ಮನೆಯ ಜೊತೆಗೆ ಬಾಡಿಗೆಯ ಮನೆಗಳೂ ಎದ್ದವು. ವರ್ಷ ಮೀರಿದ ಗುತ್ತಿಗೆಗೆ 1908ರ ಕಾಯ್ದೆಯಂತೆ ನೋಂದಣಿ ಬೇಕು. ಹಾಗಾಗಿ ಕರಾರು 11 ತಿಂಗಳದ್ದು. ಯಾವಾಗ ಬೇಕಾದರೂ ಮನೆ ಬದಲಾಯಿಸಬೇಕಾದೀತು ಎಂದು ಬದುಕುವ ಗಾರ್ಮೆಂಟ್ಸ್ ಕೆಲಸಗಾರ್ತಿಗೆ, ಮಗ್ಗದ ಕೆಲಸಗಾರನಿಗೆ, ಸಾಮಾನಿನ ಮಿತಿಯನ್ನು ಗೊತ್ತುಮಾಡುವುದು ಸಾಗಿಸುವ ಗಾಡಿ. 2005ರಲ್ಲಿ ಮಾರುಕಟ್ಟೆಗೆ ಬಂದ, ಮುಕ್ಕಾಲು ಟನ್ ಹೊರುವ ಟಾಟಾ ಏಸ್ ಹೀಗೆ ಸಂಸಾರದ ಹೊಸ ಕೊಳಗವಾಯಿತು: ಒಂದು ಟ್ರಿಪ್ಪಿಗೆ ಹಿಡಿಯುವಷ್ಟೇ ಮನೆ. 2013ರ ಅನ್ನಭಾಗ್ಯ ಪಡಿತರ ಯೋಜನೆಯ ನಂತರವಂತೂ ಕಾರ್ಡಿದ್ದ ಮನೆಯಲ್ಲಿ ಒಂದು ತಿಂಗಳ ಅಕ್ಕಿಗೆ ಒಂದು ಡಬ್ಬಿ ಸಾಕು. ಅಪಾರ್ಟ್‌ಮೆಂಟುಗಳಲ್ಲಿರುವ ನಿವೃತ್ತರು ಸ್ವಇಚ್ಛೆಯಿಂದಲೇ ಸಾಮಾನು ಕಡಿಮೆ ಮಾಡಿಕೊಳ್ಳುತ್ತಾರಲ್ಲ ಎಂದರೆ, ಅದನ್ನು ಒಪ್ಪುತ್ತೇನೆ. ಅವರ ಆಯ್ಕೆಯ ಹಿಂದೆಯೂ ಬೇಕೆಂದಾಗ ತಂದುಕೊಡುವ ಅಂಗಡಿಯ ಭರವಸೆಯಿದೆ. ಬರದ ನೆನಪಿದ್ದವರಿಗೆ ಆ ಭರವಸೆ ಇರಲಿಲ್ಲ.

ಹೊರಬಿದ್ದ ಸಾಮಾನು ಎಲ್ಲಿಗೆ ಹೋಯಿತು? ಉತ್ತರ ‘ಗುಜರಿ’ ಎಂಬ ಮಾತಿನಲ್ಲಿಯೇ ಇದೆ. ಹಿಂದೂಸ್ತಾನಿಯಲ್ಲಿ ಅದು ಸಂಜೆಯ ಬೀದಿ ಸಂತೆಯ ಹೆಸರು. ಹಳೆಯ ಸಾಮಾನಿಗೆ ನಮ್ಮ ಬೀದಿ ಕೊಟ್ಟ ಹೆಸರು ಕಸದ್ದಲ್ಲ, ವ್ಯಾಪಾರದ್ದು. ಜರಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ಪಡೆದದ್ದು, ಹಿತ್ತಾಳೆ ತೂಕಕ್ಕೆ ಹಾಕಿದ್ದು, ಪ್ಲಾಸ್ಟಿಕ್ ನಾಯಂಡಹಳ್ಳಿಗೆ ಸೇರಿ ಮತ್ತೆ ಕಾಳಾಗಿ ಕರಗುವುದು ಎಲ್ಲವೂ ಕೈಬದಲಾವಣೆಯೇ. ಈ ಕೈಗಳನ್ನು ನಗರ ಬಹಳ ತಡವಾಗಿ ಗುರುತಿಸಿತು: ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದು, ಹಸಿರು ದಳದಂಥ ಸಂಘಟನೆ ರೂಪುಗೊಂಡದ್ದು 2011ರ ಸುಮಾರಿಗೆ. ಮನೆ ಹಗುರಾದ ಚರಿತ್ರೆ ಬರೆಯುವವರು ಇವರ ಬೆನ್ನಿಗೆ ಸೇರಿದ ಭಾರವನ್ನೂ ಬರೆಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಈ ಸರಪಳಿಗೆ ಒಗ್ಗದ ವಸ್ತು ಒರಳು ಕಲ್ಲು. ಅದನ್ನು ಮೂರನೆಯ ಮಹಡಿಗೆ ಹೊರುವವರಿಲ್ಲ, ಗುಜರಿಯವನು ಕಲ್ಲಿಗೆ ತಕ್ಕಡಿ ಹಿಡಿಯುವುದಿಲ್ಲ. ಮಿಕ್ಸಿ ಬಂದ ದಿನ ಅಡುಗೆಮನೆಯಿಂದ ಹೊರಬಂದು, ಹಿತ್ತಲೇ ಇಲ್ಲದ ಮನೆಗಳ ಗೇಟಿನ ಪಕ್ಕ, ಮಳೆನೀರು ತುಂಬಿಕೊಂಡು ಅದು ಕೂತಿದೆ.